ನೆಲಮಾಳಿಗೆಯ ಯಂತ್ರ ಮತ್ತು ವಿಶಾಲಾಕ್ಷಿ ಬಡಿಗೇರ

೨೦೦೧ರ ಆಗಸ್ಟಿನ ಒಂದು ಗುರುವಾರ ಪರಪ್ಪ ಬಡಿಗೇರ ತನ್ನ ಒಬ್ಬಳೇ ಮಗಳ ಜೊತೆ ಮಾತು ಬಿಟ್ಟ. ಅವತ್ತು ಶಾಲೆ ಮುಗಿಸುವವರ ಎ-ಲೆವೆಲ್ ಪರೀಕ್ಷೆಯ ಫಲಿತಾಂಶ ಬಂದಿತ್ತು. ಮಗಳು ವಿಶಾಲಾಕ್ಷಿಗೆ ಅಂಕಗಳು ಚೆನ್ನಾಗಿಯೇ ಬಂದಿದ್ದವು. ಅವಳು ಫಾರ್ಮಸಿ ಓದುತ್ತಾಳೆ, ಬಿಳಿ ಕೋಟು ಹಾಕಿಕೊಂಡು ಔಷಧಿ ಅಂಗಡಿಯಲ್ಲಿ ನಿಲ್ಲುತ್ತಾಳೆ ಎಂದು ಆತ ಪಶ್ಚಿಮ ಲಂಡನ್ನಿನ ಹೇಸ್‌ನಲ್ಲಿ ಪರಿಚಯದವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅವಳು ಅರ್ಜಿ ಹಾಕಿದ್ದು ಮಾತ್ರ ಪೂರ್ವ ಲಂಡನ್ನಿನ ಒಂದು ಕಾಲೇಜಿಗೆ, ಪೀಠೋಪಕರಣ ವಿನ್ಯಾಸದ ಕೋರ್ಸಿಗೆ. ಸೀಟು ಖಾತ್ರಿಯಾಗುವವರೆಗೆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಆ ಕೋರ್ಸಿನಲ್ಲಿ ಏನು ಕಲಿಸುತ್ತಾರೆಂದು ಅವಳು ಇಂಗ್ಲಿಷಿನಲ್ಲಿ ವಿವರಿಸಿದಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ಆ ಮನೆಯ ರೂಢಿ. ಪರಪ್ಪ ಪೂರ್ತಿ ಕೇಳಿಸಿಕೊಂಡ.

"ಅಂದ್ರ ಬಡಿಗತನ," ಅಂದ.

"ಅಲ್ಲ, ಡಿಸೈನ್."

"ಮರಾ ಕೊಯ್ಯೂದು ಹೌದಲ್ಲ?"

"ಹೌದು."

ಬೈಲಹೊಂಗಲದ ಹತ್ತಿರದ ಹಳ್ಳಿಯಲ್ಲಿ ಪರಪ್ಪನ ತಂದೆ ಊರಿಗೇ ಬಡಿಗ. ವರ್ಷವೆಲ್ಲ ರೈತರ ಕುಂಟಿ, ಕೂರಿಗೆ ಮಾಡಿಕೊಟ್ಟು, ಸುಗ್ಗಿಯಲ್ಲಿ ಅವರ ಕಣದ ಅಂಚಿಗೆ ಚೀಲ ಹಿಡಿದು ನಿಲ್ಲಬೇಕಿತ್ತು. ರಾಶಿಯೆಲ್ಲ ಒಳಗೆ ಹೋದ ಮೇಲೆ, ತೂರಿ ಉಳಿದದ್ದರಲ್ಲಿ ನಾಲ್ಕು ಬೊಗಸೆ ಇವರ ಪಾಲು. ಆ ನಿಲ್ಲುವಿಕೆಯನ್ನು ಪರಪ್ಪ ಮರೆತಿರಲಿಲ್ಲ. ಧಾರವಾಡದ ಡಾಕ್ಟರ್ ಕುಟುಂಬವೊಂದರ ಮನೆಗೆಲಸಕ್ಕೆಂದು ಇಂಗ್ಲೆಂಡಿಗೆ ಬಂದ. ಅವರ ಮನೆ ಬಿಟ್ಟು ಹೇಸ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಲು ಸೇರಿದ. ಊರಿಗೆ ಹೋಗಿ ಗಿರಿಜಾದೇವಿಯನ್ನು ಮದುವೆಯಾಗಿ ಕರೆತಂದ. ಮನೆಯಲ್ಲಿ ಒಂದು ಸುತ್ತಿಗೆಯನ್ನೂ ಇಟ್ಟುಕೊಂಡಿರಲಿಲ್ಲ. ಮೊಳೆ ಹೊಡೆಯಬೇಕಾದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದ.

"ನಾ ಉಳಿ ಬಾಚಿ ಬಿಟ್ಟು ಇಷ್ಟು ದೂರ ಬಂದಿದ್ದು ಯಾತಕ್ಕ? ನನ್ನ ಮಗಳು ತಿರುಗಿ ಅದನ್ನ ಹಿಡೀಲಿ ಅಂತೇನು?" ಅಂದವನು ಹೆಂಡತಿಯ ಕಡೆ ತಿರುಗಿದ. "ಅಕೀಗೆ ಹೇಳು. ಇನ್ನ ಮ್ಯಾಲೆ ನನ್ನ ಕೂಡ ಮಾತಾಡೂದು ಬ್ಯಾಡ ಅಂತ."

'ಅಕಿ' ಎರಡು ಮಾರು ದೂರದಲ್ಲಿ ನಿಂತಿದ್ದಳು.

ಅವತ್ತಿನಿಂದ ಆ ಮನೆಯ ಮಾತೆಲ್ಲ ಗಿರಿಜಾದೇವಿಯ ಮೂಲಕ ಹಾಯತೊಡಗಿತು. "ಅಕೀಗೆ ಹೇಳು, ಬಾತ್‌ರೂಮಿನ ಲೈಟ್ ಆರ್ಸು ಅಂತ." "ಅವರಿಗೆ ಹೇಳು, ಲೈಟ್ ಹಚ್ಚಿದ್ದು ಅವರೇ ಅಂತ." ಮಗಳದೂ ಅಪ್ಪನದೇ ಹಟ. ಸೋತು ಬರುವುದು ಇಬ್ಬರ ರಕ್ತದಲ್ಲೂ ಇರಲಿಲ್ಲ.

ಶಾಲೆಯ ದಿನಗಳಿಂದಲೂ ಅವಳ ಹೆಸರು ಹೇಳಲು ಬಾರದವರು ಅದನ್ನು 'ವಿಶ್' ಎಂದು ಕತ್ತರಿಸಿದ್ದರು. ಗಿರಿಜಾದೇವಿಯ ಕಿವಿಗೆ ಅದು 'ವಿಷ' ಎಂದೇ ಬೀಳುತ್ತಿತ್ತು. ಮನೆದೇವರ ಹೆಸರಿಟ್ಟರೆ ಈ ಮಂದಿ ಹೀಗೆ ಮಾಡಿದರಲ್ಲ ಎಂದು ಆಕೆ ನೊಂದುಕೊಂಡಳು. ವಿಶಾಲಾಕ್ಷಿಗೆ ಮಾತ್ರ ಅದರ ಅರ್ಥ ತಿಳಿದ ಮೇಲೆ ಆ ಹೆಸರು ಇನ್ನಷ್ಟು ಹಿಡಿಸಿತು.

ಕಾಲೇಜಿನ ನೆಲಮಾಳಿಗೆಯಲ್ಲಿ ವರ್ಕ್‌ಶಾಪು. ಅಲ್ಲಿ ಮಂಚದಷ್ಟು ಅಗಲದ ಮೇಜು, ಅದರ ಮೇಲೆ ಅಡ್ಡಡ್ಡ ಉದ್ದುದ್ದ ಓಡಾಡುವ ಒಂದು ಕೊರೆಯುವ ತಲೆ. ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಗೆರೆಯ ಮೇಲೆಯೇ ಅದು ಪ್ಲೈವುಡ್ಡನ್ನು ಕೊರೆಯುತ್ತ ಹೋಗುತ್ತಿತ್ತು. ಮೊದಲ ಸಲ ಅದು ಕೆಲಸ ಮಾಡುವುದನ್ನು ಕಂಡಾಗ ವಿಶಾಲಾಕ್ಷಿ ಅರ್ಧ ಗಂಟೆ ನಿಂತಲ್ಲೇ ನಿಂತಿದ್ದಳು. ಕಾಗದದ ಮೇಲಿನ ಗೆರೆ ಕೈಯ ನಡುಕ, ದಣಿವು, ಬೇಸರ ಯಾವುದನ್ನೂ ದಾಟದೆ ನೇರ ಮರಕ್ಕೆ ಇಳಿಯುತ್ತಿತ್ತು. ಆ ಯಂತ್ರ ತನಗೆ ಬೇಕು ಅನ್ನಿಸಿತು.

ಯಂತ್ರದ ಮತ್ತು ಅವಳ ನಡುವೆ ಡೆರೆಕ್ ಇದ್ದ.

ಡೆರೆಕ್ ವರ್ಕ್‌ಶಾಪಿನ ಟೆಕ್ನಿಷಿಯನ್. ಐವತ್ತೆಂಟರ ಗಟ್ಟಿ ಮನುಷ್ಯ. ಇಪ್ಪತ್ತೆರಡು ವರ್ಷ ಒಂದು ಕಾರು ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವನು. ಕೂದಲೆಳೆಯಷ್ಟೂ ತಪ್ಪದ ಅಚ್ಚುಗಳನ್ನು ಕೈಯಿಂದಲೇ ತೀಡಿದ್ದ. ಕಾರ್ಖಾನೆಗೆ ಇಂಥವೇ ಯಂತ್ರಗಳು ಬಂದ ವರ್ಷ ಅವನನ್ನೂ ಅವನ ಸಂಗಡಿಗರನ್ನೂ ಮನೆಗೆ ಕಳಿಸಿದರು. ತನ್ನ ಅನ್ನ ಕಿತ್ತುಕೊಂಡ ಯಂತ್ರವನ್ನು ಕಾಯುವ ಕೆಲಸವೇ ಕೊನೆಗೆ ಅವನ ಪಾಲಿಗೆ ಬಂದಿತ್ತು. ಹುಡುಗರಿಗೆ ಅವನೆಂದರೆ ಪ್ರೀತಿ. ಅವರ ಅರ್ಧ ಕೆಲಸವನ್ನು ಅವನೇ ಮಾಡಿಕೊಡುತ್ತಿದ್ದ, ಜೊತೆಗೆ ಚಹಾ ಕುಡಿಯುತ್ತ ಫುಟ್‌ಬಾಲ್ ಮಾತಾಡುತ್ತಿದ್ದ. ಉಳಿ ಹಿಡಿಯಲು ಬಂದವರಿಗೆ ಕೈ ಹಿಡಿದು ಕಲಿಸುತ್ತಿದ್ದ. ಯಂತ್ರ ಕಲಿಯಲು ಬಂದವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ.

"ಫ್ಲಾಪಿ ಕೊಟ್ಟು ಹೋಗು. ಯಂತ್ರ ಮುಟ್ಟುವುದು ನಾನು," ಅಂದ ಮೊದಲ ದಿನ.

"ಹಾಗಾದರೆ ನಾನು ಕಲಿಯುವುದು ಹೇಗೆ?"

"ಕಲಿಯುವುದಕ್ಕೆ ಏನಿದೆ ಇದರಲ್ಲಿ? ಗುಂಡಿ ಒತ್ತಲು ಕೋತಿಗೂ ಬರುತ್ತದೆ."

"ಹಾಗಿದ್ದರೆ ನಿಮಗೂ ಬಂದಿರಬೇಕಲ್ಲ."

ಸುತ್ತಲಿದ್ದವರು ನಗಲಿಲ್ಲ. ಮುಂದಿನ ಎರಡೂವರೆ ವರ್ಷ ಏನಾಗಬೇಕಿತ್ತೋ ಅದು ಆ ಒಂದು ಮಾತಿನಲ್ಲಿ ತೀರ್ಮಾನವಾಯಿತು. ಯಂತ್ರದ ಸರದಿಯ ಪಟ್ಟಿಯಲ್ಲಿ ಅವಳ ಹೆಸರು ಯಾವಾಗಲೂ ಕಟ್ಟಕಡೆಗೆ ಇಳಿಯಿತು. ಅವಳ ಪ್ಲೈವುಡ್ ಹಾಳೆಗಳು ಗೋಡೆಯ ತೇವ ಬರುವ ಮೂಲೆಯಲ್ಲೇ ನಿಂತವು. ಅವಳು ದೂರು ಕೊಟ್ಟಳು, ಒಂದಲ್ಲ, ಏಳು. ಯಂತ್ರ ತಯಾರಿಸಿದ ಕಂಪನಿಗೆ ಪತ್ರ ಬರೆದು ಅದರ ಕೈಪಿಡಿಯನ್ನು ತರಿಸಿಕೊಂಡು, ಹೇಸ್‌ನಿಂದ ರೈಲಿನಲ್ಲಿ ಪ್ಯಾಡಿಂಗ್ಟನ್‌ಗೆ, ಅಲ್ಲಿಂದ ನೆಲದಡಿಯ ಟ್ಯೂಬ್ ರೈಲಿನಲ್ಲಿ ಕಾಲೇಜಿಗೆ ಹೋಗುವ ದಾರಿಯುದ್ದಕ್ಕೂ ಓದಿದಳು. ಉಳಿದವರು ಚಿತ್ರ ಬರೆದು ಕೊಟ್ಟುಬಿಡುತ್ತಿದ್ದರು. ಯಂತ್ರಕ್ಕೆ ತಿಳಿಯುವ ಅಂಕಿಗಳ ಸಾಲುಗಳಾಗಿ ಅದನ್ನು ಕಂಪ್ಯೂಟರ್ ತಾನೇ ಮಾಡಿಕೊಳ್ಳುತ್ತಿತ್ತು. ಅವಳು ಆ ಸಾಲುಗಳನ್ನೇ ಓದಲು ಕಲಿತಳು. ಎಷ್ಟು ಮುಂದೆ, ಎಷ್ಟು ಎಡಕ್ಕೆ, ಎಷ್ಟು ಆಳಕ್ಕೆ ಎಂಬುದಷ್ಟೇ ಅದರ ಭಾಷೆ. ಸಹಪಾಠಿಗಳಿಗಿಂತ ಆ ಸಾಲುಗಳ ಸಹವಾಸವೇ ಅವಳಿಗೆ ಹಿತವೆನಿಸಿತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಭಾರತದ ಜಾಲಂಧ್ರಗಳ ಕೆತ್ತನೆಯನ್ನೇನಾದರೂ ತಂದರೆ ಹೇಗೆ ಎಂದು ಪಾಠದ ಮೇಡಮ್ಮು ಸೂಚಿಸಿದಳು. "ನಾನು ಹೇಸ್‌ನವಳು," ಅಂದಳು ವಿಶಾಲಾಕ್ಷಿ. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಹೀಥ್ರೋ ಹತ್ತಿರ ವಿಮಾನದ ಊಟ ತಯಾರಿಸುವ ಅಡುಗೆಕಾರ್ಖಾನೆಯಲ್ಲಿ ಅಮ್ಮ ಸಾಗುವ ಬೆಲ್ಟಿನ ಮುಂದೆ ನಿಂತು ಟ್ರೇ ತುಂಬುತ್ತಿದ್ದಳು. ಅಮೆರಿಕದಲ್ಲಿ ವಿಮಾನದ ದಾಳಿ ನಡೆದ ಮೇಲೆ ಅಲ್ಲಿ ಅರ್ಧ ಜನರನ್ನು ತೆಗೆದಿದ್ದರು. ಉಳಿದವರ ಬೆಲ್ಟು ಜೋರಾಗಿತ್ತು. ಗಿರಿಜಾದೇವಿಯ ಮೀನಖಂಡದಲ್ಲಿ ನರಗಳು ಹಗ್ಗದಂತೆ ಉಬ್ಬಿದ್ದವು. ಹೆಚ್ಚು ನಿಲ್ಲಬೇಡಿ ಎಂದು ಬಡಾವಣೆಯ ಜಿಪಿ ಡಾಕ್ಟರ್ ಪುಕ್ಕಟೆ ಸಲಹೆ ಕೊಟ್ಟಿದ್ದ. ವಿಶಾಲಾಕ್ಷಿ ಮಾಡಹೊರಟದ್ದು ನಿಂತವರು ಅರ್ಧ ಕುಳಿತಂತೆ ಒರಗಬಹುದಾದ ಒಂದು ಎತ್ತರದ ಆಸನ. ಹನ್ನೊಂದು ಬಾಗಿದ ಪಕ್ಕೆಲುಬುಗಳು, ಒಂದರೊಳಗೊಂದು ಸಿಕ್ಕಿಕೊಂಡು ಅಂಟು, ಮೊಳೆ ಯಾವುದೂ ಇಲ್ಲದೆ ನಿಲ್ಲುವಂಥವು.

೨೦೦೪ರ ಫೆಬ್ರವರಿಯಲ್ಲಿ ಅವಳ ಸರದಿ ಬಂತು. ಮಧ್ಯಾಹ್ನದ ಊಟ ಮುಗಿಸಿ ಬಂದ ಡೆರೆಕ್ ಬೆಳಿಗ್ಗೆ ಬೇರೊಬ್ಬ ಹುಡುಗನ ದೀಪದ ಕೆಲಸಕ್ಕೆ ಯಂತ್ರದ ತಲೆಗೆ ಹಾಕಿದ್ದ ಗಿಡ್ಡ ಕಟರ್ ಅಲಗನ್ನು ತೆಗೆದು, ಅವಳ ದಪ್ಪ ಹಲಗೆಗೆಂದು ಉದ್ದದ ಕಟರ್ ಸಿಕ್ಕಿಸಿದ. ವಿದ್ಯಾರ್ಥಿಗಳು ದಾಟಬಾರದ ಹಳದಿ ಗೆರೆಯ ಆಚೆ ಅವಳು ನಿಂತಿದ್ದಳು. ಯಂತ್ರ ಶುರುವಾಯಿತು. ಕಟರ್ ಹಲಗೆಗೆ ಇಳಿಯಿತು, ಹಲಗೆಯನ್ನು ದಾಟಿ ಕೆಳಗಿನ ಮೇಜಿನೊಳಕ್ಕೂ ಇಳಿಯಿತು. ಒಂದು ಮೊಳದಷ್ಟು ಹಾಗೇ ಕೊರೆದುಕೊಂಡು ಹೋಗಿ ಮೇಜಿನ ಒಳಗಿದ್ದ ಉಕ್ಕಿನ ಬೋಲ್ಟಿಗೆ ಬಡಿಯಿತು. ಸದ್ದಿಗೆ ಮಹಡಿಯ ಮೇಲಿನವರೂ ಓಡಿಬಂದರು. ಕಟರ್ ಮುರಿದಿತ್ತು, ಕೊರೆಯುವ ತಲೆ ವಾಲಿತ್ತು.

"ನಿನ್ನ ಫೈಲ್!" ಡೆರೆಕ್ ಕೂಗಿದ. "ಅದರಲ್ಲಿ ಏನು ಬರೆದಿದ್ದೀಯ ನೀನು?"

"ನನ್ನ ಫೈಲ್ ಸರಿ ಇದೆ. ಕಟರ್ ಬದಲಿಸಿದ ಮೇಲೆ ನೀವು ಅದರ ಉದ್ದವನ್ನು ಯಂತ್ರಕ್ಕೆ ಹೇಳಲಿಲ್ಲ."

"ಹೊರಗೆ ನಡೆ."

ಡೆರೆಕ್ ಸಂಜೆಯೊಳಗೆ ವರದಿ ಬರೆದ: ವಿದ್ಯಾರ್ಥಿನಿಯ ಫೈಲಿನ ತಪ್ಪಿನಿಂದ ಯಂತ್ರಕ್ಕೆ ಹಾನಿ. ವಿಶಾಲಾಕ್ಷಿಗೆ ವರ್ಕ್‌ಶಾಪ್ ಪ್ರವೇಶ ಬಂದಾಯಿತು. ಯಂತ್ರ ದುರಸ್ತಿಗೆ ಐದು ವಾರ ಬೇಕಿತ್ತು. ಎಲ್ಲರ ಕೆಲಸವೂ ನಿಂತಿತು, ಎಲ್ಲರ ಬೆರಳೂ ಅವಳ ಕಡೆ ತಿರುಗಿತು. ಕ್ಷಮಾಪಣೆಯ ಪತ್ರಕ್ಕೆ ಸಹಿ ಹಾಕಿದರೆ ಮತ್ತೆ ಒಳಗೆ ಬಿಡುತ್ತೇವೆ ಎಂದಳು ವಿಭಾಗದ ಮುಖ್ಯಸ್ಥೆ. "ಅದೊಂದು ಬರೀ ಕಾಗದ. ಸಹಿ ಹಾಕಿ ಮುಗಿಸಿಬಿಡು."

ಮನೆಯಲ್ಲಿ ಅವಳು ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದಾಗ ಪರಪ್ಪ ಟಿವಿಯಿಂದ ಕಣ್ಣು ತೆಗೆಯದೆ ಅಂದ, "ಅಕೀಗೆ ಹೇಳು. ಹಲಿಗಿ ಕೊಯ್ಯೋರ ಹಣೇಬರಾ ಎಲ್ಲಾ ಊರಾಗೂ ಇದ ಅಂತ. ಕೈ ಕಟ್ಟಿ ನಿಂದ್ರೂದು."

ಅವಳು ಸಹಿ ಹಾಕಲಿಲ್ಲ. ತನ್ನ ಫೈಲಿನ ಎರಡು ಸಾವಿರ ಚಿಲ್ಲರೆ ಸಾಲುಗಳನ್ನು ಮುದ್ರಿಸಿ, ಆಳ ಹೇಳುವ ಪ್ರತಿಯೊಂದು ಅಂಕಿಯ ಮೇಲೂ ಹಸಿರು ಬಣ್ಣ ಹಚ್ಚಿದಳು. ಹದಿನೆಂಟು ಮಿಲಿಮೀಟರಿಗಿಂತ ಕೆಳಗೆ ಇಳಿಯಲು ಹೇಳುವ ಸಾಲು ಒಂದೂ ಇರಲಿಲ್ಲ. ಹಲಗೆಯ ದಪ್ಪವೇ ಅಷ್ಟು. ಆ ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಮುಖ್ಯಸ್ಥೆಯ ಬಾಗಿಲು ತಟ್ಟಿದಳು.

"ನನ್ನ ಜೊತೆ ಒಮ್ಮೆ ಕೆಳಗೆ ಬನ್ನಿ. ಡೆರೆಕ್ ಕೂಡ ಇರಲಿ. ನನಗೆ ಅಳೆಯಲು ಹತ್ತು ನಿಮಿಷ ಕೊಡಿ. ಆಮೇಲೂ ತಪ್ಪು ನನ್ನದೇ ಆದರೆ ಕಾಲೇಜೇ ಬಿಡುತ್ತೇನೆ."

ಮೂವರೂ ನೆಲಮಾಳಿಗೆಯಲ್ಲಿ ಸೇರಿದರು. ಯಂತ್ರವನ್ನು ದುರಸ್ತಿಗೆ ಇನ್ನೂ ಒಯ್ದಿರಲಿಲ್ಲ. ವಿಶಾಲಾಕ್ಷಿ ಗೋಡೆಯ ಹಲಗೆಯಿಂದ ಬೆಳಗಿನ ಗಿಡ್ಡ ಕಟರನ್ನು, ಡಬ್ಬಿಯಿಂದ ಮುರಿದದ್ದರಂಥದೇ ಇನ್ನೊಂದು ಉದ್ದದ ಕಟರನ್ನು ಕೇಳಿ ಪಡೆದಳು. ಯಂತ್ರದಲ್ಲಿ ಸಿಕ್ಕಿಸುವಾಗ ಎರಡೂ ಎಷ್ಟು ಹೊರಚಾಚುತ್ತವೆ ಎಂದು ಡೆರೆಕ್‌ನ ಕೈಯಿಂದಲೇ ಅಳತೆ ಹಾಕಿಸಿದಳು. ವ್ಯತ್ಯಾಸ ಹದಿನಾಲ್ಕು ಮಿಲಿಮೀಟರ್. ಆಮೇಲೆ ಆಳ ಅಳೆಯುವ ವರ್ನಿಯರನ್ನು ಮುಖ್ಯಸ್ಥೆಯ ಕೈಗೆ ಕೊಟ್ಟಳು.

"ಮೇಜಿನ ಮೇಲೆ ಬಿದ್ದಿರುವ ಗೀರಿನ ಆಳ ಅಳೆಯಿರಿ."

ಆಕೆ ಮೂರು ಕಡೆ ಅಳೆದಳು. ಮೂರು ಕಡೆಯೂ ಹದಿನಾಲ್ಕು.

"ನನ್ನ ಫೈಲ್ ತಪ್ಪಾಗಿದ್ದರೆ ಆ ಗೀರು ಎಷ್ಟು ಆಳ ಬೇಕಾದರೂ ಇರಬಹುದಿತ್ತು," ಅಂದಳು ವಿಶಾಲಾಕ್ಷಿ. "ಗಿಡ್ಡ ಕಟರ್ ಇದೆ ಎಂದೇ ಯಂತ್ರ ನಂಬಿತ್ತು. ಉದ್ದದ್ದು ಹಾಕಿದವರು ಅದಕ್ಕೆ ತಿಳಿಸಲಿಲ್ಲ."

ಡೆರೆಕ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಮತ್ತೆ ಹಾಕಿಕೊಂಡು ತಾನೇ ಬಗ್ಗಿ ಅಳೆದ. ಅವನ ಕಿವಿಗಳು ಕೆಂಪಾಗಿದ್ದವು. "ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಳತೆ ತಪ್ಪಿರಲಿಲ್ಲ," ಅಂದ, ಯಾರನ್ನೂ ನೋಡದೆ.

"ಈಗ ತಪ್ಪಿತಲ್ಲ," ಅಂದಳು ಅವಳು.

ಮುಖ್ಯಸ್ಥೆಗೂ ಆ ಮಾತು ಹೆಚ್ಚಾಯಿತು ಅನ್ನಿಸಿತು. ವಿಶಾಲಾಕ್ಷಿಗೆ ಅನ್ನಿಸಲಿಲ್ಲ. ಮನೆಗೆ ಮರಳುವ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಾಗ ಅವಳಿಗೆ ಆದದ್ದು ಕಲಬೆರಕೆಯಿಲ್ಲದ ಖುಷಿ. ಆ ಮುದುಕನ ಬಗ್ಗೆ ಒಂದಿಷ್ಟು ಮರುಕ ಹುಟ್ಟುತ್ತದೋ ಎಂದು ತನ್ನೊಳಗೆ ಹುಡುಕಿಯೂ ನೋಡಿದಳು. ಇರಲಿಲ್ಲ.

ಡೆರೆಕ್‌ಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಅವಳ ನಿಷೇಧ ರದ್ದಾಯಿತು. ಇನ್ನು ಮುಂದೆ ತರಬೇತಿ ಪಡೆದ ವಿದ್ಯಾರ್ಥಿಗಳೂ ಯಂತ್ರ ನಡೆಸಬಹುದು ಎಂಬ ಹೊಸ ನಿಯಮ ಬಂತು. ಅದರಿಂದ ಎಲ್ಲರಿಗೂ ಲಾಭವಾಯಿತು. ಆದರೂ ಅವಳ ಲಾಕರಿನ ಮೇಲೆ ಯಾರೋ ದಪ್ಪ ಮಾರ್ಕರಿನಲ್ಲಿ 'ಗ್ರಾಸ್' ಎಂದು ಬರೆದರು. ಹುಲ್ಲಲ್ಲ, ಲಂಡನ್ನಿನ ಬೀದಿಮಾತಿನಲ್ಲಿ ಚಾಡಿಕೋರರಿಗೆ ಆ ಹೆಸರು. ಮಾರನೇ ವಾರ ಅವಳ ಆಸನದ ರಟ್ಟಿನ ಮಾದರಿಯನ್ನು ಯಾರೋ ಕಾಲಲ್ಲಿ ತುಳಿದಿದ್ದರು. ಎಂಟಡಿ ಉದ್ದದ ಹಲಗೆಯನ್ನು ಅವಳೊಬ್ಬಳೇ ಮೆಟ್ಟಿಲಿಳಿಸುವಾಗ ಹುಡುಗರು ಗೋಡೆಗೆ ಒರಗಿ ನೋಡಿದರು. ಅವಳು ಸಹಾಯ ಕೇಳಲೂ ಇಲ್ಲ. ಲಾಕರಿನ ಬರಹವನ್ನು ಅಳಿಸಲೂ ಇಲ್ಲ.

ಡೆರೆಕ್ ಈಗ ನಿಯಮದ ಪುಸ್ತಕವನ್ನೇ ಆಯುಧ ಮಾಡಿಕೊಂಡ. ಹತ್ತು ಗಂಟೆಗೆ ಒಂದು ಸೆಕೆಂಡ್ ಮೊದಲು ಬಾಗಿಲು ತೆರೆಯಲಿಲ್ಲ. ಕೂದಲು ಕಟ್ಟಿಲ್ಲ ಎಂದು ಒಮ್ಮೆ, ಬೂಟು ಸರಿಯಿಲ್ಲ ಎಂದು ಇನ್ನೊಮ್ಮೆ ತಿರುಗಿಸಿ ಕಳಿಸಿದ. ಅವಳೂ ಅವನು ಚಹಾಕ್ಕೆ ಹೋದರೆ ಗಡಿಯಾರ ನೋಡಿ ಬರೆದಿಟ್ಟುಕೊಂಡಳು. ಒಬ್ಬರಿಗೊಬ್ಬರು 'ಗುಡ್ ಮಾರ್ನಿಂಗ್' ಕೂಡ ಹೇಳದೆ, ಒಂದೇ ಕೋಣೆಯ ಧೂಳು ಕುಡಿದರು.

ಏಪ್ರಿಲ್‌ನಲ್ಲಿ ಯಂತ್ರ ವಾಪಸು ಬಂತು. ಮೊದಲ ಸಲ ವಿಶಾಲಾಕ್ಷಿ ಹಳದಿ ಗೆರೆ ದಾಟಿ, ತಾನೇ ಕಟರ್ ಹಾಕಿ, ತಾನೇ ಅದರ ಉದ್ದ ಒಪ್ಪಿಸಿ, ಗುಂಡಿ ಒತ್ತಿದಳು. ಡೆರೆಕ್ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ನಾಲ್ಕು ಪಕ್ಕೆಲುಬುಗಳು ಹೊರಬಂದವು. ಅವನು ಹತ್ತಿರ ಬಂದು, ಒಂದರ ಅಂಚಿನ ಮೇಲೆ ಹೆಬ್ಬೆರಳು ಎಳೆದು ಮರಳಿ ಅವಳತ್ತ ಎಸೆದ.

"ಅಂಚು ಹರಿದಿದೆ. ಮರದ ನಾರಿಗೆ ಎದುರಾಗಿ ಕೊರೆಸಿದ್ದೀಯ. ನಿನ್ನ ಎರಡು ಸಾವಿರ ಸಾಲಿನಲ್ಲಿ ಮರ ಎಲ್ಲಿದೆ?"

ಅವಳು ತುಂಡನ್ನು ಬೆಳಕಿಗೆ ಹಿಡಿದಳು. ಕೈಯಲ್ಲಿದ್ದ ತುಂಡಿನ ಅಂಚು ಸಿಬಿರು ಸಿಬಿರಾಗಿತ್ತು. ಅವನು ಸಹಾಯಕ್ಕೆಂದು ಹೇಳಿರಲಿಲ್ಲ, ಚುಚ್ಚಲೆಂದೇ ಹೇಳಿದ್ದ. ಮಾತು ಮಾತ್ರ ನಿಜವಾಗಿತ್ತು. ಅವನು ಸುಳ್ಳು ಹೇಳಿದ್ದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವಳಿಗೆ ಈಗ ಬಂತು. ಆ ನಾಲ್ಕನ್ನೂ ಕಸಕ್ಕೆ ಹಾಕಿ, ಕಂಪ್ಯೂಟರಿನ ಮುಂದೆ ಕುಳಿತು, ಕಟರ್ ಸಾಗುವ ದಿಕ್ಕನ್ನು ಸಾಲು ಸಾಲಾಗಿ ತಿರುಗಿಸಿದಳು. ಎರಡು ದಿನ ಹಿಡಿಯಿತು. ಈ ಸಲದ ಅಂಚುಗಳು ನುಣುಪಾಗಿ ಬಂದವು. ಡೆರೆಕ್ ನೋಡಲು ಬರಲಿಲ್ಲ, ಅವಳು ತೋರಿಸಲೂ ಇಲ್ಲ.

ಜೂನ್‌ನ ಪ್ರದರ್ಶನದಲ್ಲಿ ಬಹುಮಾನ ಆ ದೀಪದ ಹುಡುಗನ ಪಾಲಾಯಿತು. ಅವನ ದೀಪದ ಮರದ ಕೆಲಸವೆಲ್ಲ ಡೆರೆಕ್‌ನದೆಂದು ಇಡೀ ತರಗತಿಗೆ ಗೊತ್ತಿತ್ತು. ವಿಶಾಲಾಕ್ಷಿ ಎರಡನೇ ದರ್ಜೆಯಲ್ಲಿ ಪಾಸಾದಳು. ಗಿರಿಜಾದೇವಿ ಆ ಆಸನವನ್ನು ಒಂದು ದಿನ ಕೆಲಸಕ್ಕೆ ಒಯ್ದಳು. ಸೂಪರ್‌ವೈಸರ್ ಅದನ್ನು ಬೆಲ್ಟಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಿನಗೊಂದು ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅಂದ. ಅದು ಮನೆಯ ಅಡುಗೆಮನೆಗೆ ಬಂದು ನಿಂತಿತು.

ಪರಪ್ಪ ಗಾರ್ಡನ್ನಿನ ಶೆಡ್ಡಿಗೆ ಒಯ್ದು ಹಾಕಿದ. ಗಿರಿಜಾದೇವಿ ತಂದಿಟ್ಟಳು. ಅವನು ಮತ್ತೆ ಒಯ್ದ, ಆಕೆ ಮತ್ತೆ ತಂದಳು. ನಾಲ್ಕನೆಯ ಸಲ ಆತ ಅದಕ್ಕೆ ಕೈ ಹಾಕಿದಾಗ ಆಕೆ ಅದಕ್ಕೆ ಒರಗಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಎತ್ತಿ ತಡೆದಳು.

"ಮುಟ್ಟಬ್ಯಾಡ್ರಿ."

"ಏನಂದಿ?"

"ಹದಿನೇಳು ವರ್ಷ ಅವರ ಬೆಲ್ಟಿನ ಮುಂದ ನಿಂತೇನಿ. ಮನೀಗ ಬಂದು ನಿಮ್ಮ ಒಲಿ ಮುಂದ ನಿಂತೇನಿ. ನನ್ನ ಕಾಲು ನೋಡೀರೇನು ಒಂದಿನಾರ? ಅಕಿ ನೋಡ್ಯಾಳ. ನಿಮ್ಮ ಸಿಟ್ಟು ನಿಮ್ಮ ಕಡೆ ಇರ್ಲಿ. ಇನ್ನ ಮ್ಯಾಲೆ ನಿಮ್ಮ ಮಾತು ಅಕೀಗೆ, ಅಕಿ ಮಾತು ನಿಮಗ ಹೊತ್ತು ಹಾಕೂದು ನಂಗ ಆಗೂದಿಲ್ಲ. ಬೇಕಾದ್ರ ನೀವ ಹೇಳ್ಕೋರಿ."

ಪರಪ್ಪ ಕೈ ತೆಗೆದ. ಆಸನ ಅಲ್ಲೇ ಉಳಿಯಿತು. ಮಾತು ಹೊರುವವರು ಇಲ್ಲವಾದ್ದರಿಂದ ಮನೆ ಪೂರ್ತಿ ಮೂಕವಾಯಿತು. ವಿಶಾಲಾಕ್ಷಿಗೆ ಹೇಸ್‌ನಲ್ಲೇ, ಅಂಗಡಿಗಳ ಒಳಾಂಗಣ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಅದೇ ಜಾತಿಯ ಯಂತ್ರ, ಅಲ್ಲಿಯೂ ಹುಡುಗಿಯ ಕೈಗೆ ಕೊಡಲು ಒಲ್ಲದ ಫೋರ್‌ಮನ್. ಅವನ ಜೊತೆ ಎಂಟು ತಿಂಗಳು ಕಾದಾಡಿದಳು. ಎರಡು ವರ್ಷದಲ್ಲಿ ಯಂತ್ರದ ವಿಭಾಗ ಅವಳ ಉಸ್ತುವಾರಿಗೆ ಬಂತು. ಅವಳ ಕೈಕೆಳಗಿನವರು ಅವಳಿಗೆ ಹೆದರುತ್ತಿದ್ದರು. ಅವಳನ್ನು ಕಂಡರೆ ಇಷ್ಟ ಎಂದು ಯಾರೂ ಹೇಳಿದ್ದಿಲ್ಲ. ಕೆಲಸ ಕಲಿಸುವುದರಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ, ಕೇಳಿದವರಿಗೆಲ್ಲ ಕಟರ್ ಕೈಗೆ ಕೊಟ್ಟು ಅಳತೆ ಮಾಡಿಸಿದಳು.

೨೦೦೭ರ ಜನವರಿಯ ಒಂದು ಸಂಜೆ ಅವಳು ಒಂದು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಯೊಳಗೆ ಬಂದಳು. ಅವಳ ಬೆನ್ನ ಹಿಂದೆ ಬಾಗಿಲು ತೆರೆದೇ ಉಳಿಯಿತು. ಗಾಳಿ ಒಳನುಗ್ಗಿತು. ಸೋಫಾದ ಮೇಲಿದ್ದ ಪರಪ್ಪ ಹೆಂಡತಿಗಾಗಿ ಸುತ್ತ ನೋಡಿದ. ಆಕೆ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಬಾಗ್ಲಾ ಹಾಕು," ಅಂದ. "ಥಂಡಿ ಬರಾಕತ್ತೇತಿ."

ಐದು ವರ್ಷ ಐದು ತಿಂಗಳ ನಂತರದ ಮೊದಲ ಮಾತು ಅದು. ವಿಶಾಲಾಕ್ಷಿ ಹಲಗೆಯನ್ನು ಗೋಡೆಗೆ ಆನಿಸಿ, ಹೋಗಿ ಬಾಗಿಲು ಹಾಕಿ ಬಂದಳು.

ಮಾತು ಶುರುವಾದ ಮೇಲೆ ಜಗಳವೂ ಶುರುವಾಯಿತು. ಐದು ವರ್ಷದ ಬಾಕಿ ಜಗಳ ಒಮ್ಮೆಲೇ ಬಂತು. ಬಿಸಿನೀರಿಗೆ, ಟಿವಿಯ ಸದ್ದಿಗೆ, ಮದುವೆಯ ಪ್ರಸ್ತಾಪಕ್ಕೆ. ಮರುವರ್ಷ ಅವಳು ಲಂಡನ್ನಿನದೇ ಇನ್ನೊಂದು ಬಡಾವಣೆ ಕ್ವೀನ್ಸ್‌ಬರಿಯಲ್ಲಿ ಒಂದು ಸಣ್ಣ ಫ್ಲ್ಯಾಟ್ ಹಿಡಿದು ಹೊರಟುಹೋದಳು. ಅವತ್ತು ಪರಪ್ಪ ಅವಳ ಪೆಟ್ಟಿಗೆಗಳನ್ನು ಬೈಯುತ್ತಲೇ ವ್ಯಾನಿಗೆ ಏರಿಸಿದ. ಹೀಗೆ ಜೋಡಿಸಿದರೆ ದಾರಿಯಲ್ಲಿ ಎಲ್ಲ ಉರುಳುತ್ತದೆ ಎಂದು ಎಲ್ಲವನ್ನೂ ಇಳಿಸಿ ಮತ್ತೊಮ್ಮೆ ಜೋಡಿಸಿದ. ಭಾನುವಾರಗಳಂದು ಅವಳು ಹೇಸ್‌ಗೆ ಊಟಕ್ಕೆ ಬರುತ್ತಾಳೆ. ಮಜ್ಜಿಗೆ ಬಡಿಸುವ ಹೊತ್ತಿಗೆ ಅಪ್ಪ ಮಗಳ ದನಿ ಪಕ್ಕದ ಮನೆಗೂ ಕೇಳಿಸುತ್ತದೆ.